ಒಂದೇ ಕಾರಣದ ಹುಡುಕಾಟ: ಹದಿಹರೆಯದ ವಿದ್ಯಾರ್ಥಿನಿಯೊಬ್ಬಳ ಆತ್ಮಹತ್ಯೆಯ ಅಪಾಯ ಕುರಿತು ಪ್ರಕರಣ ಅಧ್ಯಯನ

ಈ ಪ್ರಕರಣದ ವಿದ್ಯಾರ್ಥಿನಿಯನ್ನು ಇಲ್ಲಿ ಸುಮಾ ಎಂದು ಕರೆದಿದ್ದೇನೆ. ಅದು ಅವಳ ಹೆಸರಲ್ಲ. ಊರು, ಕಾಲೇಜು, ಕುಟುಂಬದ ವಿವರಗಳು ಮತ್ತು ಘಟನೆಗಳ ಅನುಕ್ರಮವನ್ನು ಗುರುತು ಸಿಗದಷ್ಟು ಬದಲಿಸಲಾಗಿದೆ. ಅವಳು ಯೋಚಿಸಿದ್ದ ವಿಧಾನದ ಬಗ್ಗೆ ಏನನ್ನೂ ಬರೆದಿಲ್ಲ, ಏಕೆಂದರೆ ಈ ಪ್ರಕರಣದಿಂದ ಕಲಿಯಬೇಕಾದ ಯಾವ ಸಂಗತಿಗೂ ಆ ವಿವರದ ಅಗತ್ಯವಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋಸಾಮಾಜಿಕ ಕಾರ್ಯಕರ್ತೆಯಾಗಿ ನಾನು ಕಂಡದ್ದನ್ನು, ಶಿಕ್ಷಕರು, ವಾರ್ಡನ್‌ಗಳು ಮತ್ತು ಪೋಷಕರಿಗೆ ಉಪಯೋಗಕ್ಕೆ ಬರಲೆಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ಸುಮಾ ಮಧ್ಯ ಕರ್ನಾಟಕದ ಮಳೆಯಾಶ್ರಿತ ಹಳ್ಳಿಯೊಂದರವಳು. ಆಗ ಅವಳಿಗೆ 16 ವರ್ಷ. ಮನೆಯಲ್ಲಿ ಅಜ್ಜಿ, ತಂದೆ, ತಾಯಿ, ಅಕ್ಕ ಮತ್ತು ಹೈಸ್ಕೂಲಿಗೆ ಹೋಗುವ ತಮ್ಮ ಇದ್ದರು. ಮೆಕ್ಕೆಜೋಳ ಬೆಳೆಯುವ ಸ್ವಲ್ಪ ಜಮೀನು, ಎರಡು ಸಲ ಕೊರೆಸಿದರೂ ನೀರು ಬೀಳದ ಕೊಳವೆಬಾವಿ, ಅದಕ್ಕೆಂದು ಸಹಕಾರ ಸಂಘದಲ್ಲಿಯೂ ಊರಿನವರಲ್ಲಿಯೂ ಮಾಡಿದ ಸಾಲ, ಹೀಗೆ ಆ ಭಾಗದ ಎಷ್ಟೋ ಮನೆಗಳ ಸ್ಥಿತಿಯೇ ಅವಳ ಮನೆಯದೂ ಆಗಿತ್ತು. ಅಕ್ಕ ದ್ವಿತೀಯ ಪಿಯುಸಿ ಮುಗಿಸಿ ಓದು ನಿಲ್ಲಿಸಿ, ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಚೆನ್ನಾಗಿ ಓದುವ ತಂಗಿಯನ್ನು ಓದಿಸೋಣ ಎಂದು ಮನೆಯಲ್ಲಿ ಯಾರೂ ಕೂತು ತೀರ್ಮಾನಿಸಿರಲಿಲ್ಲ. ಅದು ತಾನಾಗಿಯೇ ಹಾಗೆ ಆಗಿಹೋಗಿತ್ತು.

ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಸುಮಾ ಎಸ್‌ಎಸ್‌ಎಲ್‌ಸಿಯಲ್ಲಿ ತಾಲ್ಲೂಕಿಗೇ ಗಮನ ಸೆಳೆಯುವಷ್ಟು ಅಂಕ ಪಡೆದಳು. ಬಸ್ ನಿಲ್ದಾಣದಲ್ಲಿ ಅವಳ ಫೋಟೊ ಇರುವ ಫ್ಲೆಕ್ಸ್ ಬಿತ್ತು. ಸಮುದಾಯದ ಸಂಘದವರು ಶಾಲು ಹೊದಿಸಿ ಸನ್ಮಾನಿಸಿದರು. ಜಿಲ್ಲಾ ಕೇಂದ್ರದ ಖಾಸಗಿ ಪದವಿಪೂರ್ವ ಕಾಲೇಜೊಂದು ಬೋಧನಾ ಶುಲ್ಕವನ್ನು ಪೂರ್ಣವಾಗಿ ಬಿಟ್ಟುಕೊಡುವುದಾಗಿ ಹೇಳಿ ವಿಜ್ಞಾನ ವಿಭಾಗಕ್ಕೆ ಸೇರಿಸಿಕೊಂಡಿತು. ಹಾಸ್ಟೆಲ್ ಶುಲ್ಕವನ್ನು ಮಾತ್ರ ಮನೆಯವರು ಕಟ್ಟಬೇಕಿತ್ತು. ಪ್ರವೇಶದ ವೇಳೆ ಕೊಟ್ಟ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಮನೆಯವರಿಗೆ ಓದಿ ಹೇಳಿದವಳು ಅಕ್ಕ. ಕಾಲೇಜಿನ ಪರೀಕ್ಷೆಗಳಲ್ಲಿ ಇಂತಿಷ್ಟು ಅಂಕದ ಮಟ್ಟ ಉಳಿಸಿಕೊಂಡರಷ್ಟೇ ರಿಯಾಯಿತಿ ಮುಂದುವರಿಯುತ್ತದೆ ಎಂಬ ಸಾಲು ಅದರಲ್ಲಿತ್ತು. ಆ ಸಾಲು ತಂದೆಗೆ ನೆನಪಿರಲಿಲ್ಲ. ಸುಮಾ ಮಾತ್ರ ಅದನ್ನು ಒಂದು ದಿನವೂ ಮರೆತಿರಲಿಲ್ಲ ಎಂಬುದು ನಮಗೆ ಬಹಳ ತಡವಾಗಿ ತಿಳಿಯಿತು.

ಸಮಸ್ಯೆ ಕಾಣಿಸಿಕೊಂಡ ಬಗೆ

ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಮತ್ತು ಗಣಿತ ಕಲಿತ ಮಗುವಿಗೆ ಪಿಯುಸಿಯ ಮೊದಲ ತಿಂಗಳುಗಳು ಹೇಗಿರುತ್ತವೆ ಎಂಬುದು ಈ ರಾಜ್ಯದ ಉಪನ್ಯಾಸಕರಿಗೆ ಹೊಸದಲ್ಲ. ವೇಗೋತ್ಕರ್ಷ ಗೊತ್ತು, ಆದರೆ ಅದರ ಇಂಗ್ಲಿಷ್ ಹೆಸರು ತರಗತಿಯಲ್ಲಿ ಕೇಳಿದಾಗ ಗುರುತು ಹತ್ತುವುದಿಲ್ಲ. ಗುರುತು ಹತ್ತುವಷ್ಟರಲ್ಲಿ ಕಪ್ಪುಹಲಗೆ ಅಳಿಸಿ ಮುಂದಿನ ಲೆಕ್ಕ ಶುರುವಾಗಿರುತ್ತದೆ. ಪ್ರತಿ ವಾರದ ಕಿರುಪರೀಕ್ಷೆಯ ಅಂಕಗಳನ್ನು ರ‍್ಯಾಂಕ್ ಸಮೇತ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಪದ್ಧತಿ ಆ ಕಾಲೇಜಿನಲ್ಲಿತ್ತು. ಸುಮಾಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು ಅಕ್ಕನ ಬಳಿ. ಅಂಗಡಿಯಿಂದ ಬಂದು ಅಕ್ಕ ಆ ಪಟ್ಟಿಯನ್ನು ಅಪ್ಪನಿಗೆ ಓದಿ ಹೇಳುತ್ತಿದ್ದಳು. ಕ್ರಮೇಣ ಓದಿ ಹೇಳುವುದನ್ನು ಬಿಟ್ಟಳು. ಬಿಟ್ಟದ್ದೂ ಸುಮಾಳಿಗೆ ಗೊತ್ತಾಯಿತು.

ದಸರಾ ರಜೆ ಮುಗಿಸಿ ಬಂದ ಮೇಲೆ ಅವಳು ಊಟದ ಸಾಲಿನಲ್ಲಿ ಕಡೆಗೆ ನಿಲ್ಲುತ್ತಿದ್ದಳು, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಕೂತಿರುತ್ತಿದ್ದಳು, ತಲೆನೋವೆಂದು ತರಗತಿ ತಪ್ಪಿಸುತ್ತಿದ್ದಳು. ಹಾಸ್ಟೆಲಿನವರು ಇದನ್ನು ಮನೆಯ ನೆನಪು ಎಂದುಕೊಂಡರು, ಉಪನ್ಯಾಸಕರು ಹೊಂದಿಕೊಳ್ಳಲು ಸಮಯ ಬೇಕು ಎಂದರು. ಎರಡರಲ್ಲೂ ಒಂದಿಷ್ಟು ನಿಜವಿದ್ದುದರಿಂದಲೇ ಯಾರೂ ಮುಂದಕ್ಕೆ ವಿಚಾರಿಸಲಿಲ್ಲ.

ಡಿಸೆಂಬರ್ ತಿಂಗಳ ಒಂದು ಸಂಜೆ ಅವಳ ಕೋಣೆಯ ಗೆಳತಿ, ನೋಟ್ಸ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿದ್ದ ಲೆಕ್ಕವೊಂದನ್ನು ನೋಡಿದಳು. ಹಾಸ್ಟೆಲ್ ಶುಲ್ಕ, ಸಾಲದ ಬಡ್ಡಿ, ಅಕ್ಕನ ಮದುವೆಯ ಅಂದಾಜು ಖರ್ಚು. ಕೆಳಗೆ, ತಾನು ಇಲ್ಲದಿದ್ದರೆ ಎಷ್ಟು ಉಳಿಯುತ್ತದೆ ಎಂಬ ಕಳೆಯುವ ಲೆಕ್ಕ. ಅದೇ ವಾರ ಸುಮಾ ತನಗೆ ಬಹುಮಾನವಾಗಿ ಬಂದಿದ್ದ ನಿಘಂಟನ್ನು ಆ ಗೆಳತಿಗೆ ಕೊಟ್ಟು, ಇನ್ನು ನನಗೆ ಬೇಡ ಎಂದಿದ್ದಳು. ಕೇಳಿದಾಗ, ಯಾರಿಗೂ ಹೇಳಬೇಡ ಎಂದು ತಾಯಿಯ ಮೇಲೆ ಆಣೆ ಹಾಕಿಸಿಕೊಂಡಳು. ಗೆಳತಿ ಎರಡು ದಿನ ಆಣೆಗೆ ಕಟ್ಟುಬಿದ್ದು ನಿದ್ದೆಗೆಟ್ಟಳು. ಮೂರನೆಯ ದಿನ ವಾರ್ಡನ್ ಕೋಣೆಗೆ ಹೋಗಿ, "ಮೇಡಂ, ಆಣೆ ಮುರಿದರೆ ಏನಾದರೂ ಆಗುತ್ತಾ?" ಎಂದು ಕೇಳಿದಳು. ವಾರ್ಡನ್ ಆ ಪ್ರಶ್ನೆಯನ್ನು ನಗೆಯಾಡದೆ, ಬಾಗಿಲು ಹಾಕಿ ಕೂರಿಸಿಕೊಂಡು ಕೇಳಿದರು. ಈ ಪ್ರಕರಣದ ಮೊದಲ ತಿರುವು ಇದೇ.

ಎಲ್ಲರ ಬಳಿಯೂ ಒಂದೊಂದು ಕಾರಣ

ಮರುದಿನ ಪ್ರಾಂಶುಪಾಲರ ಕೊಠಡಿಯಲ್ಲಿ ನಡೆದ ಮಾತುಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾಲೇಜಿನವರ ಪ್ರಕಾರ ಕಾರಣ ಅಂಕ. ತಂದೆಯ ಪ್ರಕಾರ ಹಾಸ್ಟೆಲಿನ ಸಹವಾಸ. ತಾಯಿಯ ಪ್ರಕಾರ ರಜೆಯಲ್ಲಿ ಯಾರದೋ ದೃಷ್ಟಿ ತಾಗಿದ್ದು. ಜೊತೆಗೆ ಬಂದಿದ್ದ ಸೋದರಮಾವ, ಯಾವುದಾದರೂ ಹುಡುಗನ ವಿಷಯವಿರಬೇಕು, ಮೊದಲು ಅದನ್ನು ಬಾಯಿ ಬಿಡಿಸಿ ಎಂದರು. ಪ್ರತಿಯೊಂದು ಕಾರಣಕ್ಕೂ ಅದರದೇ ಪರಿಹಾರ ಸಿದ್ಧವಿತ್ತು: ಟ್ಯೂಷನ್, ಕೋಣೆ ಬದಲಾವಣೆ, ಹರಕೆ, ಕಾವಲು. ಕಾಲೇಜು ಆಡಳಿತ ಮಂಡಳಿಗೆ ಅತ್ಯಂತ ಸುಲಭವಾಗಿ ಕಂಡ ಪರಿಹಾರ, ಅಂದೇ ಸಂಜೆಯ ಬಸ್ಸಿಗೆ ತಂದೆಯ ಜೊತೆ ಮನೆಗೆ ಕಳುಹಿಸುವುದು.

ಒಂದು ಕಾರಣ ಸಿಕ್ಕಿದೊಡನೆ ವಿಚಾರಣೆ ನಿಂತುಹೋಗುವ ಈ ಅಭ್ಯಾಸ ನಮ್ಮ ಮನೆಗಳಿಗಷ್ಟೇ ಸೀಮಿತವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ದಾಖಲಿಸಿದೆ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಪೊಲೀಸ್ ದಾಖಲೆಗಳನ್ನು ಆಧರಿಸಿದ ಆ ವರದಿಯ ಕೋಷ್ಟಕಗಳಲ್ಲಿ ಕೌಟುಂಬಿಕ ಸಮಸ್ಯೆ, ಕಾಯಿಲೆ, ಪರೀಕ್ಷೆಯಲ್ಲಿ ಅನುತ್ತೀರ್ಣ ಎಂದು ಸಾವುಗಳನ್ನು ಕಾರಣವಾರು ವಿಂಗಡಿಸಲಾಗುತ್ತದೆ. ಅಂಕಿಅಂಶಕ್ಕೆ ಅಂಥ ವಿಂಗಡಣೆ ಅನಿವಾರ್ಯವಿರಬಹುದು. ಬದುಕಿರುವ ಮಗುವಿನ ಮುಂದೆ ಕೂತವರು ಮಾತ್ರ ಒಂದು ಕಾರಣಕ್ಕೆ ಗುರುತು ಹಾಕಿ ಎದ್ದು ಹೋಗುವಂತಿಲ್ಲ. ಹದಿಹರೆಯದವರಲ್ಲಿ ಅಪಾಯ ಪದರ ಪದರವಾಗಿ ಸೇರುತ್ತದೆ: ಹಿಂದಿನ ಪ್ರಯತ್ನ, ಖಿನ್ನತೆ ಮತ್ತು ನಿದ್ರಾಹೀನತೆ, ಕುಟುಂಬದಲ್ಲಿ ಹಿಂದೆ ನಡೆದ ಆತ್ಮಹತ್ಯೆ, ಹಿಂಸೆ ಅಥವಾ ಲೈಂಗಿಕ ದೌರ್ಜನ್ಯ, ಅವಮಾನ, ಒಂಟಿತನ, ಮದ್ಯ ಹಾಗೂ ಮಾದಕ ವಸ್ತು, ಅಪಾಯಕಾರಿ ವಸ್ತುಗಳು ಕೈಗೆ ಸುಲಭವಾಗಿ ಸಿಗುವಂತಿರುವುದು. ಕೊನೆಯಲ್ಲಿ ನಡೆಯುವ ಘಟನೆ, ಅದು ಅಂಕಪಟ್ಟಿಯಿರಲಿ ಬೈಗುಳವಿರಲಿ, ಈ ರಾಶಿಯ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣುವುದೂ ಅದೊಂದೇ.

ವಾರ್ಡನ್ ಹಿಂದಿನ ರಾತ್ರಿಯೇ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿದ್ದರು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆಯ ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಹುಡುಗಿಯನ್ನು ಒಂಟಿಯಾಗಿ ಬಿಡಬೇಡಿ, ಬೈಯಬೇಡಿ, ಉಪದೇಶ ಬೇಡ, ಬೆಳಿಗ್ಗೆಯೇ ಜಿಲ್ಲಾ ತಂಡವನ್ನು ಸಂಪರ್ಕಿಸಿ ಎಂದು ಅಲ್ಲಿಂದ ಬಂದ ಸಲಹೆಯನ್ನು ಅವರು ಅಕ್ಷರಶಃ ಪಾಲಿಸಿದರು. ತಮ್ಮ ಕೋಣೆಯಲ್ಲೇ ಸುಮಾಳನ್ನು ಮಲಗಿಸಿಕೊಂಡಿದ್ದರು. ನಾವು ತಲುಪುವವರೆಗೆ ಊರಿಗೆ ಕಳುಹಿಸಬಾರದೆಂದು ಆಡಳಿತ ಮಂಡಳಿಯ ಎದುರು ಪಟ್ಟು ಹಿಡಿದವರೂ ಅವರೇ.

ನೇರವಾಗಿ ಕೇಳಿದ್ದು

ಸುಮಾಳೊಂದಿಗೆ ಒಬ್ಬಳೇ ಮಾತನಾಡುವ ಮುನ್ನ ಒಂದು ವಿಷಯ ಸ್ಪಷ್ಟಪಡಿಸಿದೆ. ಅವಳು ಹೇಳುವುದರಲ್ಲಿ ಜೀವಕ್ಕೆ ಸಂಬಂಧಿಸಿದ್ದನ್ನು ಪೋಷಕರಿಗೆ ತಿಳಿಸಲೇಬೇಕಾಗುತ್ತದೆ, ಉಳಿದದ್ದನ್ನು ಅವಳ ಒಪ್ಪಿಗೆಯಿಲ್ಲದೆ ಹೇಳುವುದಿಲ್ಲ ಎಂದು. ಹದಿನೆಂಟು ತುಂಬದವರ ವಿಷಯದಲ್ಲಿ ಪೂರ್ಣ ಗೋಪ್ಯತೆಯ ಭರವಸೆ ಕೊಟ್ಟು ನಂತರ ಮುರಿಯುವುದಕ್ಕಿಂತ, ಗೆರೆ ಎಲ್ಲಿದೆ ಎಂದು ಮೊದಲೇ ತೋರಿಸುವುದು ಒಳ್ಳೆಯದು.

ನಿದ್ದೆ, ಊಟ, ಓದು ಎಂದು ಹೊರಗಿನಿಂದ ಆರಂಭಿಸಿ, ಬದುಕು ಸಾಕೆನಿಸಿದೆಯೇ, ಸಾಯುವ ಯೋಚನೆ ಬಂದಿದೆಯೇ, ಹೇಗೆ ಮತ್ತು ಯಾವಾಗ ಎಂದು ಯೋಚಿಸಿದ್ದೀಯಾ, ಹಿಂದೆ ಎಂದಾದರೂ ಪ್ರಯತ್ನಿಸಿದ್ದೆಯಾ ಎಂದು ಹೆಜ್ಜೆ ಹೆಜ್ಜೆಯಾಗಿ ಕೇಳಲಾಯಿತು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಶಿಕ್ಷಕರಲ್ಲಿಯೂ ಕೆಲವು ವೈದ್ಯರಲ್ಲಿಯೂ ಇದೆ. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ 2,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಪ್ರಶ್ನೆ ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟವಾಗಲಿ ಆತ್ಮಹತ್ಯೆಯ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಸುಮಾಳ ವಿಷಯದಲ್ಲಿ ಕೊನೆಯ ಪ್ರಶ್ನೆಯೇ ಎಲ್ಲವನ್ನೂ ಬದಲಿಸಿತು. ದಸರಾ ರಜೆಯಲ್ಲಿ ಮನೆಯಲ್ಲಿಯೇ ಅವಳು ಒಮ್ಮೆ ಪ್ರಯತ್ನಿಸಿದ್ದಳು. ಮನೆಯವರು ಅದನ್ನು ಮಾಮೂಲಿ ಕಾಯಿಲೆ ಎಂದು ತಿಳಿದು ಊರಿನ ವೈದ್ಯರಲ್ಲಿ ತೋರಿಸಿದ್ದರು. ಹಿಂದಿನ ಪ್ರಯತ್ನವು ಮುಂದಿನ ಅಪಾಯದ ಅತ್ಯಂತ ಬಲವಾದ ಸೂಚನೆಗಳಲ್ಲೊಂದು. ಅದುವರೆಗೆ ಪರೀಕ್ಷೆಯ ಒತ್ತಡ ಎಂದು ಕಾಣುತ್ತಿದ್ದ ಪ್ರಕರಣ ಈಗ ತುರ್ತು ಚಿಕಿತ್ಸೆ ಬೇಕಾದ ಪ್ರಕರಣವಾಯಿತು. ಸಂಜೆಯ ಬಸ್ಸಿಗೆ ಕಳುಹಿಸಿದ್ದರೆ ಅವಳು ಹೋಗಿ ಸೇರುತ್ತಿದ್ದುದು ಅದೇ ಮನೆಗೆ.

"ನಾನೊಬ್ಬಳು ಇಲ್ದಿದ್ರೆ ಮನೆ ಖರ್ಚು ಎಷ್ಟೋ ಕಮ್ಮಿ ಆಗುತ್ತೆ ಮೇಡಂ. ಅಕ್ಕನ ಮದುವೆಗಾದ್ರೂ ದುಡ್ಡು ಉಳಿಯುತ್ತೆ," ಎಂದು ಅವಳು ಅಳದೆ, ಲೆಕ್ಕ ಒಪ್ಪಿಸುವ ಧ್ವನಿಯಲ್ಲಿ ಹೇಳಿದಳು. ಅಮೆರಿಕದ ಮನೋವಿಜ್ಞಾನಿ ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ, ತಾನು ತನ್ನವರಿಗೆ ಹೊರೆ ಎಂಬ ನಂಬಿಕೆ ಮತ್ತು ತಾನು ಎಲ್ಲಿಗೂ ಸೇರಿದವನಲ್ಲ ಎಂಬ ಅನಿಸಿಕೆ ಆತ್ಮಹತ್ಯೆಯ ಬಯಕೆಯ ಎರಡು ಮುಖ್ಯ ಬೇರುಗಳು. ಸುಮಾಳಲ್ಲಿ ಎರಡೂ ಇದ್ದವು. ಕನ್ನಡ ಮಾಧ್ಯಮದವಳೆಂದು ತರಗತಿಯಲ್ಲಿ ಬಾಯಿ ತೆರೆಯಲು ಅಂಜುತ್ತಿದ್ದಳು. ಫ್ಲೆಕ್ಸಿನಲ್ಲಿ ಬಂದ ಹುಡುಗಿಯೆಂದು ಊರಿನಲ್ಲಿ ತನ್ನ ಕಷ್ಟ ಹೇಳಿಕೊಳ್ಳಲಾರದವಳಾಗಿದ್ದಳು. ರಿಯಾಯಿತಿ ತಪ್ಪಿದರೆ ಶುಲ್ಕಕ್ಕಾಗಿ ಅಪ್ಪ ಮತ್ತೆ ಸಾಲ ಮಾಡುತ್ತಾರೆ ಎಂಬ ಹೆದರಿಕೆ ಆ ಲೆಕ್ಕದ ನಡುವೆ ಇತ್ತು. ಕಡಿಮೆ ಅಂಕ ಬಂದದ್ದಕ್ಕೆ ಬೇಸರವೆಂದು ಇದನ್ನು ಓದಿಕೊಂಡಿದ್ದರೆ ಟ್ಯೂಷನ್ ಕೊಡಿಸಿ, ಅದರ ಶುಲ್ಕವನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತಿದ್ದೆವು.

ಇನ್ನೊಂದು ಪದರ ತಾಯಿಯಿಂದ ತಿಳಿಯಿತು. ಸುಮಾ ಚಿಕ್ಕವಳಿದ್ದಾಗ ಅವಳ ಚಿಕ್ಕಪ್ಪ ಆತ್ಮಹತ್ಯೆ ಮಾಡಿಕೊಂಡಿದ್ದರು. ಹೊಟ್ಟೆನೋವು ತಾಳಲಾರದೆ ಎಂದು ಊರಿಗೆಲ್ಲ ಹೇಳಿದ್ದ ಕುಟುಂಬ, ಮನೆಯೊಳಗೂ ಅದನ್ನೇ ಹೇಳಿಕೊಂಡು ಬಂದಿತ್ತು. ಆದರೆ ಮಕ್ಕಳಿಗೆ ನಿಜ ಗೊತ್ತಿತ್ತು.

ಕೈಗೊಂಡ ಕ್ರಮಗಳು

ಅಂದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ನೋಡಿ, ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆ ಎಂದು ಗುರುತಿಸಿ, ತಾಯಿಯನ್ನು ಜೊತೆಗಿರಿಸಿ ದಾಖಲು ಮಾಡಿಕೊಂಡರು. ತಂದೆ ಬಹಳ ಹೊತ್ತು ಒಪ್ಪಲಿಲ್ಲ. ಅವರಿಗಿದ್ದ ಮೊದಲ ಹೆದರಿಕೆ ಪೊಲೀಸ್ ಕೇಸಿನದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ, ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ವಿವರಿಸಿದ ಮೇಲೆ ಆ ಹೆದರಿಕೆ ಇಳಿಯಿತು. ಎರಡನೆಯದು ಇಳಿಯಲಿಲ್ಲ. "ಅವಳಿಗೇನು ಕಮ್ಮಿ ಮಾಡಿದೀವಿ ಮೇಡಂ?" ಎಂದು ಅವರು ಮತ್ತೆ ಮತ್ತೆ ಕೇಳಿದರು. ಏನೂ ಕಡಿಮೆ ಮಾಡಿಲ್ಲವೆಂಬುದೇ ಮಗಳನ್ನು ಕಾಡುತ್ತಿದೆ ಎಂದು ಆಗಲೇ ಹೇಳಿದ್ದರೆ ಅವರು ತಡೆದುಕೊಳ್ಳುತ್ತಿರಲಿಲ್ಲ. ಆ ಮಾತನ್ನು ಸುಮಾಳ ಒಪ್ಪಿಗೆ ಪಡೆದು, ಕೆಲವು ಭೇಟಿಗಳ ನಂತರ, ಅವಳ ಬಾಯಿಂದಲೇ ಹೇಳಿಸಲಾಯಿತು.

ಔಷಧದ ಜೊತೆಗೆ ಅವಳದೇ ಮಾತುಗಳಲ್ಲಿ ಒಂದು ಸುರಕ್ಷತಾ ಯೋಜನೆ ಬರೆದೆವು. ಯೋಚನೆ ಉಲ್ಬಣಿಸುವ ಮುನ್ಸೂಚನೆಗಳೇನು, ಆಗ ಒಬ್ಬಳೇ ಏನು ಮಾಡಬಲ್ಲಳು, ಯಾರ ಬಳಿ ಹೋಗಿ ಕೂರಬಲ್ಲಳು, ಯಾರಿಗೆ ನೇರವಾಗಿ ಹೇಳಬಲ್ಲಳು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬ ಒಂದೇ ಹಾಳೆಯ ಬರಹ ಅದು. ನೇರವಾಗಿ ಹೇಳಬಲ್ಲವರ ಜಾಗದಲ್ಲಿ ಅವಳು ಅಪ್ಪ ಅಮ್ಮನ ಹೆಸರು ಬರೆಯಲಿಲ್ಲ. ಅಜ್ಜಿಯ ಹೆಸರು ಬರೆದಳು. ಯೋಜನೆಯ ಇನ್ನೊಂದು ಭಾಗ ಮನೆಯವರದು: ಜಮೀನಿಗೆ ಬಳಸುವ ರಾಸಾಯನಿಕಗಳನ್ನು ಮನೆಯಿಂದ ಪೂರ್ತಿ ಹೊರಗೆ, ಬೇರೆಯವರ ಸುಪರ್ದಿನಲ್ಲಿ ಇಡುವುದು ಮತ್ತು ಎಲ್ಲರ ಮಾತ್ರೆಗಳನ್ನೂ ತಾಯಿ ಬೀಗದಲ್ಲಿ ಇಡುವುದು. ತೀವ್ರ ಆವೇಗದ ಹೊತ್ತು ಹಲವರಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ. ಆ ಹೊತ್ತನ್ನು ದಾಟಿಸುವುದಕ್ಕೆ ಇದರಷ್ಟು ಸರಳವಾದ ಉಪಾಯ ಇನ್ನೊಂದಿಲ್ಲ. ತಂದೆ ಇದನ್ನು ಅದೇ ದಿನ ಊರಿಗೆ ಹೋಗಿ ಮಾಡಿ ಬಂದರು. ಕೈಯಿಂದ ಮಾಡಬಹುದಾದ ಕೆಲಸವೊಂದು ಸಿಕ್ಕಿದ್ದು ಅವರಿಗೂ ಔಷಧವಾದಂತಿತ್ತು.

ದೇವರ ಹರಕೆಯನ್ನು ನಾವು ಬೇಡವೆನ್ನಲಿಲ್ಲ. ಮಾತ್ರೆ ನಿಲ್ಲಿಸಬಾರದು, ಮಗುವಿಗೆ ಹೊಡೆತ ಬಡಿತ ಉಪವಾಸ ಯಾವುದೂ ಕೂಡದು ಎಂದಷ್ಟೇ ಹೇಳಿದೆವು. ತಾಯಿ ಅದಕ್ಕೆ ಒಪ್ಪಿದರು.

ಆಮೇಲಿನ ತಿಂಗಳುಗಳು

ಆಸ್ಪತ್ರೆಯಿಂದ ಹೊರಬಂದ ಮೊದಲ ವಾರಗಳು ಅಪಾಯದ ಕಾಲ. ಹದಿಹರೆಯದವರಿಗೆ ಖಿನ್ನತೆಯ ಮಾತ್ರೆ ಆರಂಭಿಸಿದಾಗ ಚಡಪಡಿಕೆ ಅಥವಾ ಆತ್ಮಹತ್ಯೆಯ ಯೋಚನೆ ಹೆಚ್ಚುತ್ತದೆಯೇ ಎಂದು ಹತ್ತಿರದಿಂದ ಗಮನಿಸಬೇಕೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ನೀಡಿದೆ. ಹಾಗೆಂದು ಮಾತ್ರೆ ಕೊಡದೇ ಇರುವುದು ಪರಿಹಾರವಲ್ಲ. ಕೊಟ್ಟು ಬಿಟ್ಟುಬಿಡುವುದೂ ಅಲ್ಲ. ಊರಿನ ಆಶಾ ಕಾರ್ಯಕರ್ತೆ ನಿಯಮಿತವಾಗಿ ಮನೆಗೆ ಹೋದರು, ನಾವು ದೂರವಾಣಿ ಮಾಡಿದೆವು. ಚೆನ್ನೈ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮಹತ್ಯೆಗೆ ಯತ್ನಿಸಿದವರಿಗೆ ಒಮ್ಮೆ ಮಾಹಿತಿ ನೀಡಿ, ಅನಂತರ ಒಂದೂವರೆ ವರ್ಷ ಆಗಾಗ ಕರೆ ಅಥವಾ ಭೇಟಿಯ ಮೂಲಕ ವಿಚಾರಿಸಿಕೊಂಡದ್ದರಿಂದಲೇ ಆ ಗುಂಪಿನಲ್ಲಿ ಆತ್ಮಹತ್ಯೆಯ ಸಾವುಗಳು ಗಣನೀಯವಾಗಿ ಕಡಿಮೆಯಿದ್ದವು. ದುಬಾರಿ ಸಲಕರಣೆ ಬೇಡದ ಈ ವಿಧಾನ ನಮ್ಮ ಜಿಲ್ಲೆಗಳಲ್ಲಿ ಇನ್ನೂ ವಾಡಿಕೆಯಾಗಿಲ್ಲ ಎಂಬುದು ನನ್ನ ದೂರು.

ಎರಡನೆಯ ದೊಡ್ಡ ತಿರುವು ಬಂದದ್ದು ಆಶಾ ಕಾರ್ಯಕರ್ತೆಯ ಮೂಲಕ. ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಸೋದರಮಾವ ಸಂಬಂಧವೊಂದನ್ನು ತಂದಿದ್ದರು. ಸುಮಾ ಬೇಡ ಎಂದೂ ಹೇಳದೆ, ಹೂಂ ಎಂದೂ ಹೇಳದೆ ಸುಮ್ಮನಾಗಿದ್ದಳು; ಊಟ ಮತ್ತೆ ಕಡಿಮೆಯಾಗಿತ್ತು. ಸುರಕ್ಷತಾ ಯೋಜನೆಯಲ್ಲಿ ಬರೆದಿದ್ದಂತೆ ಅವಳು ಅಜ್ಜಿಗೆ ಹೇಳಿದಳು, ಅಜ್ಜಿ ಆಶಾ ಕಾರ್ಯಕರ್ತೆಗೆ ಹೇಳಿದರು. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧವೆಂದು, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕಾಗುತ್ತದೆಂದು ಹೇಳಲು ನಾವು ಸಿದ್ಧರಾಗಿಯೇ ಹೋಗಿದ್ದೆವು. ಅದನ್ನು ಹೇಳುವ ಪ್ರಮೇಯ ಬರಲಿಲ್ಲ. ತಮ್ಮ ಕಿರಿಯ ಮಗ ಹೇಗೆ ಸತ್ತನೆಂದು ಅಜ್ಜಿ ಅಂದು ಎಲ್ಲರೆದುರು ಮೊದಲ ಬಾರಿಗೆ ಹೇಳಿದರು. "ಅವನಿಗೂ ಮದುವೆ ಮಾಡಿದ್ರೆ ಸರಿಹೋಗ್ತಾನೆ ಅಂದಿದ್ರಿ," ಎಂದರು. ಸಂಬಂಧದ ಮಾತು ಅಲ್ಲಿಗೇ ನಿಂತಿತು.

ಕಾಲೇಜಿನ ವಿಷಯದಲ್ಲಿ ಫಲಿತಾಂಶ ಮಿಶ್ರವಾಗಿದೆ. ಸುಮಾ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ ತಾಲ್ಲೂಕಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಕನ್ನಡ ಮಾಧ್ಯಮದಲ್ಲಿ ಸೇರಿ, ಮನೆಯಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದಾಳೆ. ವಿಜ್ಞಾನ ಬಿಟ್ಟದ್ದು ತಂದೆಗೆ ಇನ್ನೂ ನುಂಗಲಾರದ ತುತ್ತು. ಅವಳಿಗೂ ಕೆಲವೊಮ್ಮೆ ಹಾಗೆಯೇ ಅನಿಸುತ್ತದೆ. ಒಮ್ಮೆ ತಾನಾಗಿ ಮಾತ್ರೆ ನಿಲ್ಲಿಸಿ, ನಿದ್ದೆ ಕೆಟ್ಟು, ಈ ಬಾರಿ ತಾನೇ ತಾಲ್ಲೂಕು ಆಸ್ಪತ್ರೆಗೆ ಬಂದಳು. ಖಾಸಗಿ ಕಾಲೇಜು ವಾಟ್ಸ್ಆ್ಯಪ್ ಗುಂಪಿಗೆ ರ‍್ಯಾಂಕ್ ಪಟ್ಟಿ ಹಾಕುವುದನ್ನು ನಿಲ್ಲಿಸಿ, ಪ್ರತಿ ಪೋಷಕರಿಗೆ ಅವರ ಮಗುವಿನ ಅಂಕ ಮಾತ್ರ ಕಳುಹಿಸುತ್ತಿದೆ. ರಿಯಾಯಿತಿಯ ಷರತ್ತನ್ನು ಬದಲಿಸಲು ಒಪ್ಪಿಲ್ಲ. ಬಡ ಮಕ್ಕಳಿಗೆ ಸಹಾಯವೆಂದು ಕೊಡುವ ಹಣವನ್ನು ಮೊದಲ ವರ್ಷದ ಅಂಕಕ್ಕೆ ಕಟ್ಟಿಹಾಕುವ ಪದ್ಧತಿಯು ಮಾಧ್ಯಮ ಬದಲಿಸಿ ಬಂದ ಮಕ್ಕಳ ಮೇಲೆ ಹೊರಿಸುವ ಭಾರವನ್ನು ಆಡಳಿತ ಮಂಡಳಿಗಳು ಅರ್ಥಮಾಡಿಕೊಳ್ಳಬೇಕಿದೆ. ಕನಿಷ್ಠ ಮೊದಲ ವರ್ಷವಾದರೂ ಷರತ್ತಿಲ್ಲದ ರಿಯಾಯಿತಿ ಇರಬೇಕೆಂದು ನಾವು ಲಿಖಿತವಾಗಿ ಕೇಳಿದ್ದೇವೆ.

ಶಾಲಾ ಕಾಲೇಜುಗಳು ಈ ಪ್ರಕರಣದಿಂದ ಏನನ್ನು ತೆಗೆದುಕೊಳ್ಳಬಹುದು ಎಂದು ಕೇಳುವವರಿಗೆ ನಾನು ಗೆಳತಿಯ ಕಡೆ ಬೆರಳು ತೋರಿಸುತ್ತೇನೆ. ಯುರೋಪಿನ ಹತ್ತು ದೇಶಗಳ ಶಾಲೆಗಳಲ್ಲಿ 11,000ಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷಕರಿಗೆ ತರಬೇತಿ ಕೊಡುವುದಕ್ಕಿಂತ ವಿದ್ಯಾರ್ಥಿಗಳೊಂದಿಗೇ ಮಾನಸಿಕ ಆರೋಗ್ಯದ ಬಗ್ಗೆ ಚರ್ಚೆ, ಪಾತ್ರಾಭಿನಯಗಳ ಮೂಲಕ ನಡೆಸಿದ ಕಾರ್ಯಕ್ರಮ ಒಂದು ವರ್ಷದ ನಂತರ ಆತ್ಮಹತ್ಯೆಯ ಪ್ರಯತ್ನಗಳನ್ನು ಹೆಚ್ಚು ತಗ್ಗಿಸಿತ್ತು. ನಮ್ಮಲ್ಲಿಯೂ ಮೊದಲು ಗೊತ್ತಾಗುವುದು ಪಕ್ಕದ ಹಾಸಿಗೆಯವರಿಗೆ. ಆಣೆ, ಗುಟ್ಟು, ಸ್ನೇಹದ್ರೋಹದ ಭಯಗಳ ನಡುವೆ ಸಿಕ್ಕಿಕೊಳ್ಳುವ ಅವರಿಗೆ, ಇಂಥ ಗುಟ್ಟನ್ನು ದೊಡ್ಡವರೊಬ್ಬರಿಗೆ ಹೇಳುವುದು ಆಣೆ ಮುರಿದಂತಲ್ಲ ಎಂದು ಘಟನೆಗೆ ಮುಂಚೆಯೇ ಯಾರಾದರೂ ಹೇಳಿರಬೇಕು.

ಆ ಗೆಳತಿಯ ವಿಷಯಕ್ಕೆ ಬಂದರೆ, ಸುಮಾ ಹಾಸ್ಟೆಲ್ ಬಿಟ್ಟ ಮೇಲೆ ಉಳಿದ ಹುಡುಗಿಯರು ಅವಳನ್ನು ಚಾಡಿಕೋರಿ ಎಂದು ದೂರವಿಟ್ಟಿದ್ದರು. ನಿಘಂಟನ್ನು ಏನು ಮಾಡಬೇಕೆಂದು ತಿಳಿಯದೆ ಟ್ರಂಕಿನಲ್ಲಿ ಇಟ್ಟುಕೊಂಡು, ಅವಳೂ ನಿದ್ದೆಗೆಟ್ಟಿದ್ದಳೆಂದು ವಾರ್ಡನ್ ಹೇಳಿದ ಮೇಲೆಯೇ ನಮಗೆ ತಿಳಿದದ್ದು. ಅವಳಿಗೆ ಆಪ್ತಸಮಾಲೋಚನೆ ಏರ್ಪಡಿಸಲಾಯಿತು, ಸುಮಾಳ ಒಪ್ಪಿಗೆಯ ಮೇರೆಗೆ ಇಬ್ಬರೂ ದೂರವಾಣಿಯಲ್ಲಿ ಮಾತನಾಡಿದರು. ಇಂಥ ಪ್ರಕರಣಗಳಲ್ಲಿ ಮೊದಲು ಬಂದು ತಿಳಿಸಿದ ವಿದ್ಯಾರ್ಥಿಯನ್ನು ಅದೇ ವಾರದೊಳಗೆ ಪ್ರತ್ಯೇಕವಾಗಿ ಭೇಟಿಯಾಗುವುದು ಈಗ ನಮ್ಮ ತಂಡದ ಕಾರ್ಯವಿಧಾನದಲ್ಲಿ ಸೇರಿದೆ.